ಚಪ್ಪಲಿ ಮೆಟ್ಟಿದಾಗಿನಿಂದ

ಶಿಗ್ಗಾಂವಿ ಬಸ್ ನಿಲ್ದಾಣ

ಪರದೇಶಕ್ಕೆ ಹೊರಟವರನ್ನು ಹಾರ ಹಾಕಿ ಕಳಿಸುವುದುಂಟು. ನನ್ನನ್ನು ಕಳಿಸಲು ಬಂದವರು ನಮ್ಮ ಯಜಮಾನರೊಬ್ಬರೇ. ಹಾನಗಲ್ಲಿನಿಂದ ಶಿಗ್ಗಾಂವಿಯವರೆಗೆ ಜೊತೆಗೆ ಬಂದು, ಸೂಟ್‌ಕೇಸು ಇಳಿಸಿಕೊಟ್ಟು, "ಅಲ್ಲಿ ಕಂಡಕಂಡವರಿಗೆ ಬುದ್ಧಿ ಹೇಳಾಕ ಹೋಗಬ್ಯಾಡ. ಅವರಿಗೆ ನಿನ್ನ ಪರಿಚಯ ಇಲ್ಲ" ಎಂದು ಹೇಳಿ ತಿರುಗಿ ಹೋಗುವ ಬಸ್ಸು ಹತ್ತಿದರು.

ಬುದ್ಧಿ ಹೇಳುವುದೇ ನನ್ನ ಉದ್ಯೋಗ. ನಮ್ಮದೊಂದು ಸಣ್ಣ ಸಂಸ್ಥೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಲಕ್ವಾ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು, ಹುಟ್ಟಿದಾಗಿನಿಂದ ನಡೆಯಲಾರದ ಮಕ್ಕಳು ಇರುವ ಮನೆಗಳಿಗೆ ನಮ್ಮ ಹೆಣ್ಣುಮಕ್ಕಳು ಹೋಗುತ್ತಾರೆ. ಮೈ ಒರೆಸುತ್ತಾರೆ, ಮಗ್ಗುಲು ಹೊರಳಿಸುತ್ತಾರೆ, ಬೆನ್ನಿಗೆ ಹುಣ್ಣಾಗದಂತೆ ನೋಡುತ್ತಾರೆ, ಮನೆಯವರಿಗೂ ಅದನ್ನೆಲ್ಲ ಕಲಿಸುತ್ತಾರೆ. ಅವರ ಮೇಲ್ವಿಚಾರಕಿ ನಾನು. ನೆದರ್‌ಲ್ಯಾಂಡ್ಸ್ ದೇಶದ ಒಂದು ಊರಿನಲ್ಲಿ ಇದೇ ಕೆಲಸ ಮಾಡುವ ತಂಡವೊಂದು, ಬಂದು ನಮ್ಮ ರೀತಿ ನೋಡಿ ಎಂದು ನಮ್ಮಲ್ಲಿ ಇಬ್ಬರನ್ನು ಕರೆದಿತ್ತು. ಒಬ್ಬಳು ನಾನು. ಇನ್ನೊಬ್ಬಳು ಸವಣೂರು ತಾಲೂಕಿನ ಹತ್ತಿಮತ್ತೂರಿನ ಸುಜಾತಾ.

ನಮ್ಮವರಲ್ಲಿ ಸುಜಾತಾಳಷ್ಟು ಹಗುರ ಕೈಯವಳು ಇನ್ನೊಬ್ಬಳಿಲ್ಲ. ಅವಳು ಮುಟ್ಟಿದರೆ ನರಳುವವರು ಸುಮ್ಮನಾಗುತ್ತಾರೆ. ಮಾತು ಮಾತ್ರ ಹಗುರವಲ್ಲ. ಹುಬ್ಬಳ್ಳಿ ಬಸ್ಸಿಗಾಗಿ ಕಾಯುತ್ತ ನಿಂತಾಗಲೇ ಶುರು ಮಾಡಿದಳು.

"ಅಕ್ಕಾರ, ಹೇಳಿಬಿಟ್ಟ ವಿಮಾನ ಹತ್ತತೇನಿ. ತಿರುಗಿ ಬಂದ ಮ್ಯಾಲ ನಾ ಈ ಕೆಲಸ ಬಿಡಾಕತ್ತೇನಿ."

"ಏನಬೇ ಸುಜಾತಾ, ಹೊರಡೂವಾಗ ಇಂಥಾ ಮಾತು?"

"ಬಟ್ಟಿ ಫ್ಯಾಕ್ಟರಿಯಾಗ ಹೆಸರು ಬರಸೇನ್ರಿ. ಬಸ್ ಊರಿಗೇ ಬರ್ತೈತಿ. ಪಗಾರ ತಾರೀಖಿಗೆ ಬರ್ತೈತಿ. ನಿಮ್ಮದು ಬಂದಾಗ ಬಂತು, ಇಲ್ಲದಾಗ ಇಲ್ಲ."

ನಮ್ಮದು ಮನೆಗೆ ಇಷ್ಟು ಎಂಬ ಲೆಕ್ಕ. ಎಷ್ಟು ಮನೆ ಮಾಡಿದರೋ ಅಷ್ಟಕ್ಕೆ ಗೌರವಧನ. ಅದು ಎಷ್ಟೆಂದು ಬರೆಯಲು ನನಗೇ ನಾಚಿಕೆಯಾಗುತ್ತದೆ, ಬಿಡಿ. ಅವಳು ಹೋದರೆ ಹತ್ತಿಮತ್ತೂರಿನ ಸುತ್ತ ಹಾಸಿಗೆ ಹಿಡಿದವರ ಗತಿಯೇನು ಎಂಬ ಚಿಂತೆ ನನ್ನ ಸೂಟ್‌ಕೇಸಿಗಿಂತ ಭಾರವಾಗಿ ಕೂತಿತು. ವಿಮಾನದಲ್ಲಿ ಅವಳು ಕಿಟಕಿಯ ಪಕ್ಕ ಗೊರಕೆ ಹೊಡೆದಳು, ನಾನು ಎಚ್ಚರವಾಗಿದ್ದೆ.

ಝುಟ್ಫೆನ್

ಊರಿನ ಹೆಸರು ಇದು. ನಾಲಿಗೆಗೆ ಹೊಂದಿಸಿಕೊಳ್ಳಲು ಎರಡು ದಿನ ಬೇಕಾಯಿತು. ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಹೋಗಬೇಕು. ಡಬ್ಬಿಯೊಳಗೆ ಎಲ್ಲರೂ ಮನೆಯಲ್ಲಿ ಯಾರೋ ತೀರಿಕೊಂಡವರಂತೆ ಸುಮ್ಮನೆ ಕೂತಿದ್ದರು. ಆ ಮೌನದಲ್ಲಿ ಸುಜಾತಾ ಸವಣೂರಿನ ಖಾರಾ ತಿಂಡಿಯ ಪೊಟ್ಟಣ ಒಡೆದಳು. ಇಡೀ ಡಬ್ಬಿಗೆ ಬೆಳ್ಳುಳ್ಳಿ, ಮೆಣಸಿನಕಾಯಿಯ ಘಾಟು. ಎದುರಿಗೆ ಕೂತಿದ್ದ ಎತ್ತರದ ಗೃಹಸ್ಥನಿಗೆ ಅವಳು ಒಂದು ಹಿಡಿ ಕೊಟ್ಟೇಬಿಟ್ಟಳು. ಎದುರಿಗೆ ಕೂತವರನ್ನು ಬಿಟ್ಟು ತಿನ್ನುವುದು ಹ್ಯಾಗೆ? ಆತ ಬಾಯಿಗೆ ಹಾಕಿಕೊಂಡ, ಕೆಂಪಗಾದ, ತನ್ನ ನೀರಿನ ಬಾಟಲಿಯನ್ನು ಪೂರ್ತಿ ಖಾಲಿ ಮಾಡಿ ಇಂಗ್ಲಿಷಿನಲ್ಲಿ "ಸ್ವಾರಸ್ಯವಾಗಿದೆ" ಎಂದ. ಇಳಿಯುವಾಗ ಎದ್ದು ನಿಂತು ನಮ್ಮಿಬ್ಬರ ಕೈ ಕುಲುಕಿದ.

ನಿಲ್ದಾಣದಲ್ಲಿ ಮರೈಕೆ ಕಾಯುತ್ತಿದ್ದಳು. ಅಲ್ಲಿಯ ತಂಡದವಳು, ಸುಜಾತಾಳದೇ ವಯಸ್ಸು, ಗಂಡಸಿನಂಥ ಎತ್ತರ, ಮುಖದ ತುಂಬ ನಗು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಬರುವಷ್ಟು ಬರುತ್ತಿತ್ತು. ಸುಜಾತಾಳಿಗೂ ಅವಳಿಗೂ ನಡುವೆ ನಾನೇ ಸೇತುವೆ.

ಆ ಸಂಜೆ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ನನ್ನ ಕಸುಬಿಗೆ ತಕ್ಕ ಪ್ರಶ್ನೆ ಕೇಳಿದೆ. "ನಿಮ್ಮ ಮೇಲ್ವಿಚಾರಕರು ಯಾರು?"

"ಯಾರೂ ಇಲ್ಲ" ಎಂದಳು. "ನಾವು ಹತ್ತು ಹನ್ನೆರಡು ಜನ. ಯಾರು ಯಾವ ಮನೆಗೆ ಹೋಗಬೇಕು ಎಂದು ನಾವೇ ಕೂತು ಮಾತಾಡಿಕೊಳ್ಳುತ್ತೇವೆ."

"ಜಗಳ ಆದರೆ?"

"ಕಾಫಿ ಕುಡಿಯುತ್ತೇವೆ. ಆಮೇಲೆ ಮತ್ತೆ ಜಗಳ ಆಡುತ್ತೇವೆ."

ಇದನ್ನು ಕನ್ನಡದಲ್ಲಿ ಹೇಳುವುದೋ ಬಿಡುವುದೋ ಎಂದು ನಾನು ಯೋಚಿಸುತ್ತಿರುವಾಗಲೇ ಸುಜಾತಾ, "ನಿಮ್ಮಂಥವರು ಇಲ್ಲ ಅಂದ್ಲು ಹೌದಲ್ರಿ?" ಎಂದು ನಕ್ಕಳು. ಎಷ್ಟು ಮೈಲಿ ಹಾರಿ ಬಂದು, ನನ್ನ ಹುದ್ದೆಯೇ ಇಲ್ಲದ ದೇಶದಲ್ಲಿ ಇಳಿದಿದ್ದೆ.

ನಮ್ಮ ಸಂಬಳದ ಮಾತೂ ಬಂತು. ಗೌರವಧನ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೋ ಬಿಡಿಸಿ ಹೇಳಿದೆ: ಗೌರವ ತೋರಿಸಲು ಕೊಡುವ ಹಣ. ಮರೈಕೆಗೆ ಬಹಳ ಸಂತೋಷವಾಯಿತು. "ಎಂಥ ಒಳ್ಳೆಯ ಪದ್ಧತಿ! ಸಂಬಳದ ಮೇಲೆ ಅದನ್ನೂ ಕೊಡುತ್ತೀರಾ?" ಎಂದು ಕೇಳಿದಳು. ನಾನು ಆಲೂಗಡ್ಡೆ ಚೆನ್ನಾಗಿದೆ ಎಂದೆ.

ಪೆಟ್ಟಿಗೆ ಸೈಕಲ್ಲಿನಲ್ಲಿ

ಅಲ್ಲಿ ಸೈಕಲ್ಲಿಗೆ ಬೇರೆಯದೇ ರಸ್ತೆ, ಬೇರೆಯದೇ ದೀಪ. ಸೈಕಲ್ಲಿನವರಿಗೆ ಕಾರು ನಿಂತು ದಾರಿ ಬಿಡುತ್ತದೆ. ಮೊದಲ ಸಲ ಹಾಗೆ ಒಂದು ದೊಡ್ಡ ಕಾರು ನಿಂತಾಗ, ಒಳಗಿನವನಿಗೆ ಏನೋ ಆಗಿರಬೇಕೆಂದು ನಾನು ಗಾಬರಿಯಾದೆ.

ಮರೈಕೆಯ ತಂಡದವರು ಮನೆಯಿಂದ ಮನೆಗೆ ಹೋಗುವುದು ಸೈಕಲ್ಲಿನ ಮೇಲೇ. ಸುಜಾತಾಳಿಗೂ ಒಂದು ಕೊಟ್ಟರು. ಶಾಲೆಗೆ ಹೋಗುವಾಗ ಕಲಿತದ್ದು ಅವಳಿಗೆ ಮರೆತಿರಲಿಲ್ಲ. ಹಿಂದಿನ ಗಾಲಿಗೆ ಸೀರೆ ಸಿಗದಂತೆ ಮರೆ ಕೂಡ ಇತ್ತು. ಅವರು ಅದನ್ನು ಉದ್ದನೆಯ ಕೋಟಿಗಾಗಿ ಇಟ್ಟದ್ದಂತೆ. ಸೈಕಲ್ ಬಾರದ ನನಗೆ ಅವರು ಹೂಡಿದ ಉಪಾಯ ಕೇಳಬೇಡಿ. ಮುಂದೆ ಕಟ್ಟಿಗೆಯ ಪೆಟ್ಟಿಗೆ ಇರುವ ಸೈಕಲ್ಲೊಂದು ಅಲ್ಲಿ ಮನೆಮನೆಯಲ್ಲೂ ಇರುತ್ತದೆ. ಮಕ್ಕಳನ್ನು, ಸಂತೆಯ ಸಾಮಾನನ್ನು ಒಯ್ಯಲು. ಅದರೊಳಗೆ ನನ್ನನ್ನು ಗೋವಿನಜೋಳದ ಚೀಲದಂತೆ ಕೂಡಿಸಿ ಮರೈಕೆ ತುಳಿಯತೊಡಗಿದಳು. ಹಾನಗಲ್ಲಿನಲ್ಲಿ ಎದುರಿಗೆ ಬಂದವರೆಲ್ಲ "ನಮಸ್ಕಾರ್ರಿ ಅಕ್ಕಾರ" ಎನ್ನುವ ಹೆಂಗಸು ನಾನು. ಅಲ್ಲಿ ದಾರಿಯ ಮೇಲಿದ್ದ ಒಂದು ಮಗು ನನ್ನನ್ನು ನೋಡಿ ಕೈ ಬೀಸಿತು, ತನ್ನ ಜಾಗದಲ್ಲಿ ಇವಳ್ಯಾರು ಎಂಬಂತೆ.

ಪೆಟ್ಟಿಗೆಯಲ್ಲಿ ಕೂತರೂ ಕಣ್ಣು ಕೆಲಸ ಮಾಡುತ್ತದಲ್ಲ. ಅಲ್ಲಿಯ ಕಿಟಕಿಗಳಿಗೆ ಪರದೆ ಎಳೆಯುವುದಿಲ್ಲ. ಬೀದಿಯಿಂದಲೇ ಮನೆಯವರು ಪೇಪರ್ ಓದುವುದು, ಬ್ರೆಡ್ಡಿಗೆ ಬೆಣ್ಣೆ ಸವರುವುದು ಕಾಣುತ್ತದೆ. ಇಷ್ಟು ತೆರೆದಿಟ್ಟರೂ ಯಾರೂ ಯಾರ ಮನೆಯೊಳಗೂ ಇಣುಕುವುದಿಲ್ಲ. ನಾನೊಬ್ಬಳೇ ಇಣುಕಿದೆ.

ಮೊದಲ ಮನೆಯ ಕೆಲಸ ಮುಗಿಸಿ ಹೊರಟಾಗ ಸುಜಾತಾ ಪಕ್ಕಕ್ಕೆ ಬಂದು ಸೈಕಲ್ ತುಳಿಯುತ್ತ ಕೂಗಿದಳು.

"ಅಕ್ಕಾರ, ಅಕಿ ಕೆಲಸದ ಲೆಕ್ಕ ಫೋನ್‌ನಾಗ ಹಾಕ್ತಾಳಲ್ಲ, ಈ ದಾರಿ ಅದರಾಗ ಬರ್ತೈತೋ ಇಲ್ಲೋ ಕೇಳ್ರಿ."

ಕೇಳಿದೆ. ಮರೈಕೆಗೆ ಪ್ರಶ್ನೆಯೇ ತಿಳಿಯಲಿಲ್ಲ. ಎರಡನೇ ಸಲ ಕೇಳಿದಾಗ, "ಬರದೆ ಏನು? ನಾನು ಸುಮ್ಮನೆ ಗಾಳಿ ತಿನ್ನಲು ತುಳಿಯುತ್ತಿಲ್ಲವಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದೂ ಕೆಲಸವೇ" ಎಂದಳು.

"ಮಳಿ ಬಂದು ನಿಂತರ?"

"ಅದೂ."

ಸುಜಾತಾ ಜೋರಾಗಿ ತುಳಿದು ಮುಂದೆ ಹೋಗಿಬಿಟ್ಟಳು, ತಿರುವಿನಲ್ಲಿ ದಾರಿ ತಪ್ಪಿ ನಮ್ಮನ್ನೇ ಹುಡುಕಿಕೊಂಡು ವಾಪಸು ಬಂದಳು.

ಮೂರನೇ ಮಹಡಿ

ರೀಟ್ ಎಂಬ ಮುದುಕಿಯ ಮನೆ ಮೂರನೇ ಮಹಡಿಯಲ್ಲಿತ್ತು. ಕಾಲು ಬಾಯುವುದರಿಂದ ಆಕೆಗೆ ದಿನಾ ಬೆಳಿಗ್ಗೆ ಬಿಗಿಯಾದ ಕಾಲುಚೀಲ ಹಾಕಬೇಕು. ಅದಕ್ಕೆಂದೇ ಮರೈಕೆ ಬರುವುದು.

"ಕಾಲುಚೀಲ ಹಾಕಾಕ ಇವರಿಗೆ ಪಗಾರ!" ಎಂದು ಸುಜಾತಾ ನನ್ನ ಕಿವಿಯಲ್ಲಿ ಹೇಳಿದಳು. ಏನು ಹೇಳಿದಳೆಂದು ಮರೈಕೆಗೆ ಮುಖದಿಂದಲೇ ತಿಳಿದಿರಬೇಕು. ಒಂದು ಚೀಲವನ್ನು ಅವಳ ಕೈಗೇ ಕೊಟ್ಟಳು. ಅಬ್ಬಾ, ಅದು ಬಟ್ಟೆಯೋ ಟೈರಿನ ಟ್ಯೂಬೋ! ಸುಜಾತಾ ಮಂಡಿಯೂರಿ, ಹಲ್ಲು ಕಚ್ಚಿ, ಬೆವತು, ಹಿಮ್ಮಡಿ ದಾಟಿಸುವಷ್ಟರಲ್ಲಿ ಸುಸ್ತಾದಳು. ಸುಕ್ಕು ಉಳಿದರೆ ಚರ್ಮ ಕೊಯ್ಯುತ್ತದೆ, ಮತ್ತೆ ತೆಗೆದು ಹಾಕಬೇಕು. ರೀಟ್ ಅಜ್ಜಿ ತನ್ನ ಭಾಷೆಯಲ್ಲಿ ಹುರಿದುಂಬಿಸಿದಳು, ಸುಜಾತಾ ಕನ್ನಡದಲ್ಲಿ, "ಸ್ವಲ್ಪ ಕಾಲು ಸಡಲ ಬಿಡ್ರಿ ಅಜ್ಜಿ, ನೀವೂ ಜಗ್ಗಬ್ಯಾಡ್ರಿ" ಎಂದಳು. ಆಕೆ ಸಡಿಲ ಬಿಟ್ಟಳು. ಅವರಿಬ್ಬರ ನಡುವೆ ನನ್ನ ಸೇತುವೆ ಬೇಕಾಗಲಿಲ್ಲ.

ಆಗ ಬಾಗಿಲ ಗಂಟೆ ಸದ್ದಾಯಿತು. ನೆರೆಮನೆಯ ವೃದ್ಧರೊಬ್ಬರು ಎರಡು ನೀಲಿ ಹವಾಯಿ ಚಪ್ಪಲಿಗಳನ್ನು ಬೆರಳಿಗೆ ತೂಗಿಸಿಕೊಂಡು ನಿಂತಿದ್ದರು.

ಅವು ಸುಜಾತಾಳವು. ಮರೈಕೆ ಕೊಟ್ಟ ಶೂ ಕಾಲು ಕಚ್ಚಿದ್ದರಿಂದ ಆ ದಿನ ಚಪ್ಪಲಿಯಲ್ಲೇ ಬಂದಿದ್ದಳು. ನಮ್ಮಲ್ಲಿ ಮನೆಭೇಟಿಗೆ ಹೋದವರು ಚಪ್ಪಲಿಯನ್ನು ಹೊಸ್ತಿಲ ಹೊರಗೆ, ಬೀದಿಗೆ ಕಾಣುವಂತೆ ಬಿಡುತ್ತಾರೆ. ಅದು ಬರೀ ಮರ್ಯಾದೆಯಲ್ಲ. ಚಪ್ಪಲಿ ಕಂಡರೆ, ಆರೈಕೆಯವಳು ಬಂದಿದ್ದಾಳೆಂದು ಓಣಿಗೆ ತಿಳಿಯುತ್ತದೆ. ಕೂಸಿಗೆ ಜ್ವರ ಎಂದೋ, ಮಾವನ ಮಾತು ತೊದಲುತ್ತಿದೆ ಎಂದೋ ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹಾಗೆ ನೋಡಿದ ಯಾವುದಕ್ಕೂ ಗೌರವವಿದೆ, ಧನವಿಲ್ಲ. ಝುಟ್ಫೆನ್ನಿನ ಆ ಕಟ್ಟಡದಲ್ಲಾದರೋ ಓಡಾಡುವ ಜಾಗದಲ್ಲಿ ಏನನ್ನೂ ಇಡುವಂತಿಲ್ಲ, ಬೆಂಕಿ ಬಿದ್ದರೆ ಎಡವುತ್ತಾರೆಂದು. ಅದನ್ನು ಹೇಳಲು ವೃದ್ಧರು ಬಂದಿದ್ದರು. ಮುಖ ಗಂಟಿಕ್ಕಿತ್ತು.

ಸುಜಾತಾ ಚಪ್ಪಲಿ ಇಸಿದುಕೊಳ್ಳಲು ಹೋದವಳು ಅವರ ಕೈಯನ್ನೇ ಹಿಡಿದಳು. ಅಂಗೈಗೆ ಮಾಸಿದ ಪಟ್ಟಿ ಸುತ್ತಿತ್ತು, ಸುತ್ತಲೂ ಕೆಂಪಗೆ ಬಾತಿತ್ತು. "ಇದೇನಾತ್ರಿ ಅಜ್ಜಾರ? ಬರ್ರಿ ಒಳಗ, ಕುಂಡರ್ರಿ" ಎಂದು ಅವರನ್ನು ರೀಟ್ ಅಜ್ಜಿಯ ಮನೆಯೊಳಗೆ ಇವಳೇ ಕರೆದಳು! ನಾನು ನಾಚಿಕೆಯಿಂದ ಕುಗ್ಗಿದೆ. ಕಾಲುಚೀಲ ಹಾಕಲು ಬಂದ ಪರದೇಶಿ ಹೆಂಗಸು ಪರರ ಮನೆಗೆ ಪರರನ್ನು ಕರೆಯುವುದೆಂದರೇನು?

ಆದರೆ ವೃದ್ಧರು ಒಳಗೆ ಬಂದರು. ಕುದಿಯುವ ನೀರು ಬಿದ್ದು ಸುಟ್ಟದ್ದಂತೆ. ತಾವೇ ಪಟ್ಟಿ ಸುತ್ತಿಕೊಂಡು ಯಾರಿಗೂ ಹೇಳದೆ ಇದ್ದರಂತೆ. ಮರೈಕೆ ತೊಳೆದು ಹೊಸ ಪಟ್ಟಿ ಕಟ್ಟಿ, ಅವರ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದಳು. ಮುಂದಿನ ಮನೆಗೆ ತಡವಾಗುತ್ತದೆಂದು ಜೊತೆಗಾತಿಗೆ ತಿಳಿಸಿದಳು. ನಂತರ ಆ ಹೊತ್ತನ್ನೂ ಕೆಲಸದ ಲೆಕ್ಕಕ್ಕೆ ಹಾಕಿಕೊಂಡಳು. ಕದ್ದು ಅಲ್ಲ, ಯಾರನ್ನೂ ಬೇಡಿಕೊಂಡೂ ಅಲ್ಲ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚಾಗಿ, ಕೈ ಮುಗಿಯಬೇಕೆನ್ನಿಸಿತು.

ರೀಟ್ ಅಜ್ಜಿ ಎಲ್ಲರಿಗೂ ಕಾಫಿ ಮಾಡಿದಳು. ಬಿಸ್ಕತ್ತಿನ ಡಬ್ಬಿ ತೆರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಮುಚ್ಚಳ ಹಾಕಿಬಿಟ್ಟಳು. ಅಲ್ಲಿ ಒತ್ತಾಯ ಮಾಡುವ ರೂಢಿಯಿಲ್ಲ. ಎರಡನೆಯದಕ್ಕೆ ಚಾಚಿದ ನನ್ನ ಕೈ ಸಕ್ಕರೆಯ ಕಡೆ ತಿರುಗಬೇಕಾಯಿತು. ನೆರೆಯವರಿಬ್ಬರೂ ಅಷ್ಟು ವರ್ಷ ಅಕ್ಕಪಕ್ಕ ಇದ್ದೂ ಲಿಫ್ಟಿನಲ್ಲಿ ತಲೆಯಾಡಿಸುವುದು ಬಿಟ್ಟರೆ ಮಾತಾಡಿದವರಲ್ಲವಂತೆ. ನಾವು ಹೊರಟಾಗ ಅವರಿನ್ನೂ ಮಾತಾಡುತ್ತಲೇ ಇದ್ದರು.

ನದಿಯ ದಂಡೆ

ಊರಿನ ಅಂಚಿಗೆ ಒಂದು ನದಿ. ನಮ್ಮ ವರದೆಗಿಂತ ಬಹಳ ಅಗಲ, ಉದ್ದನೆಯ ಹಡಗುಗಳು ಸದ್ದಿಲ್ಲದೆ ಹೋಗುತ್ತವೆ. ಕಡೆಯ ದಿನ ಬುತ್ತಿಯ ಕಟಕು ರೊಟ್ಟಿ, ಶೇಂಗಾ ಚಟ್ನಿಯನ್ನು ಅಲ್ಲೇ ಬಿಚ್ಚಿದೆವು. ರೊಟ್ಟಿಯೆಲ್ಲ ಪುಡಿಯಾಗಿತ್ತು. ಮರೈಕೆ ಅದನ್ನು ಚಮಚದಲ್ಲಿ ತಿಂದಳು.

ಅವರಲ್ಲಿ ಎಲ್ಲ ಸೊಗಸೇ ಎಂದು ನಾನು ಹೇಳಿದರೆ ಮರೈಕೆಯೇ ಒಪ್ಪುವುದಿಲ್ಲ. ಜನ ಸಾಲದು, ಸೊಂಟ ನೋಯುತ್ತದೆ, ಕಚೇರಿಯಲ್ಲಿ ಕೂತವರಿಗೆ ಸಿಗುವಷ್ಟು ತಮಗೆ ಸಿಗುವುದಿಲ್ಲ, ಹೊಸಬರು ಈ ಕೆಲಸಕ್ಕೆ ಬರುವುದಿಲ್ಲ ಎಂದು ಅವಳೂ ಗೊಣಗಿದಳು. ಸುಜಾತಾ ಅದನ್ನು ಕೇಳಿ, "ಇಷ್ಟಿದ್ದೂ ಗೊಣಗತಾರಂದ್ರ ಚಲೋ ಆತ್ರಿ. ನಾವೂ ಗೊಣಗಬಹುದು" ಎಂದಳು.

ಮರೈಕೆ ಹಡಗು ನೋಡಲು ಎದ್ದು ಹೋದಾಗ ಸುಜಾತಾ ನನ್ನ ಕಡೆ ತಿರುಗಿದಳು.

"ಆ ಅಜ್ಜಿ ನನಗ ತನ್ನ ಜೋಡಿ ಟೇಬಲ್‌ಗೆ ಕುಂಡ್ರಿಸಿ, ತಾ ಕುಡಿಯೋ ಅಂಥಾದ್ದ ಕಪ್ಪಿನಾಗ ಕಾಫಿ ಕೊಟ್ಲು. ನಮ್ಮೂರಾಗ ಗೌಡರ ಮನ್ಯಾಗ ಗೌಡಶಾನಿನ್ನ ಎತ್ತಿ ಕುಂಡ್ರಸತೇನಿ, ತಲಿ ಬಾಚತೇನಿ, ತುತ್ತು ಉಣಸತೇನಿ. ನನಗ ಚಾ ಕಟ್ಟಿ ಮ್ಯಾಲ, ಬ್ಯಾರೆ ಗ್ಲಾಸಿನಾಗ."

ಸುಜಾತಾಳದು ದಲಿತ ಬೌದ್ಧ ಮನೆತನ. ಆ ಗ್ಲಾಸಿನ ಅರ್ಥ ನಮ್ಮಿಬ್ಬರಿಗೂ ಹೇಳಿಕೊಡಬೇಕಾದದ್ದಲ್ಲ. ಗೌಡರ ಸಂಬಂಧಿಕರ ಪೈಕಿಯವಳಾದ ನಾನು ನದಿಯನ್ನು ನೋಡುತ್ತ ಕೂತೆ.

"ಆ ಸಿಟ್ಟಿಗೆ ಬಿಡಾಕತ್ತೀಯೇನಬೇ?"

"ಇಲ್ರಿ. ಗೌಡಶಾನಿ ಮಾತು ಹೋಗೇತಿ, ಆದ್ರ ನನ್ನ ಕಂಡ್ರ ನಗತಾಳ. ಅದಕ್ಕ ಹೋಗತೇನಿ. ನನಗ ಸಾಕಾಗಿದ್ದು ದಾರಿ. ಗೌಡರ ಮನೀಂದ ಹೊಲದ ಮನಿ, ಅಲ್ಲಿಂದ ಹಳ್ಳ ದಾಟಿ ಆಚಿ ಮನಿ. ಕಾಲು ಕೆಸರಾಗ, ನೆತ್ತಿ ಬಿಸಲಾಗ. ಮನಿ ಮುಟ್ಟಿದ ಮ್ಯಾಲ ಕೆಲಸ ಶುರು ಅಂತೀರಿ ನೀವು. ಅಲ್ಲಿತನ ನಾ ಏನು ಜಾತ್ರಿ ಮಾಡಿದ್ನೇನು?"

ಅವಳ ಕಣ್ಣಲ್ಲಿ ನೀರಿತ್ತು. ಬುದ್ಧಿ ಹೇಳುವುದನ್ನು ಬದಿಗಿಟ್ಟು, "ನಮ್ಮ ಸಂಸ್ಥೆ ಅಧ್ಯಕ್ಷರ ಮುಂದ ಹೇಳತೀಯೇನು?" ಎಂದೆ.

"ಹೇಳತೇನ್ರಿ. ಸೋಮವಾರ ಫ್ಯಾಕ್ಟರಿಗೆ ಹೋಗೂದೈತಿ. ಅಷ್ಟ್ರಾಗ ಕೇಳತೇನಿ."

ಹಾನಗಲ್

ನಮ್ಮ ಅಧ್ಯಕ್ಷರು ಹಿರೇಕೆರೂರಿನ ಕಾಳಿನ ವ್ಯಾಪಾರಿ. ಧಾರಾಳ ಮನುಷ್ಯ, ಆದರೆ ಲೆಕ್ಕದಲ್ಲಿ ಗಟ್ಟಿ. ಸಭೆಯಲ್ಲಿ ನಾನು ಪ್ರವಾಸದ ವರದಿ ಓದುವಾಗ ಅವರು ಮೆಚ್ಚಿ ತಲೆದೂಗಿದರು. ಪೆಟ್ಟಿಗೆ ಸೈಕಲ್ಲಿನ ಫೋಟೋ ಬಂದಾಗ ಮಾತ್ರ ಇಡೀ ಸಭೆ ಶಿಸ್ತು ಮರೆಯಿತು. ಅದನ್ನು ತೋರಿಸಿದ್ದು ನಾನಲ್ಲ, ಸುಜಾತಾ.

ನಗು ನಿಂತ ಮೇಲೆ ಅವಳು ಎದ್ದಳು. "ಒಂದು ಕೇಳೂದೈತ್ರಿ. ಮನ್ಯಾಗ ಚಪ್ಪಲಿ ಮೆಟ್ಟಿದಾಗಿಂದ ಮತ್ತ ಮನಿಗೆ ಬಂದು ಬಿಡೂತನಕ ಕೆಲಸಾ ಅಂತ ಹಿಡೀರಿ."

"ದಾರಿಗೆ ಯಾರು ರೊಕ್ಕಾ ಕೊಡ್ತಾರವ್ವ?" ಎಂದರು ಅಧ್ಯಕ್ಷರು, ಬೇಸರದಿಂದಲ್ಲ, ನಿಜವಾಗಿಯೂ ಅನುಮಾನದಿಂದ.

"ನೀವ ಕೊಡತೀರ್ರಿ. ನಿಮ್ಮ ಲಾರಿ ರಟ್ಟೀಹಳ್ಳಿಯಾಗ ಕಾಳು ಇಳಿಸಿ ಖಾಲಿ ಬರ್ತೈತಲ್ಲ, ಆ ದಾರಿಗೆ ಡ್ರೈವರನ ಪಗಾರ ಹಿಡೀತೀರೇನ್ರಿ?"

ಅಧ್ಯಕ್ಷರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ದೇಣಿಗಿ ಕೊಡೋರನ್ನ ಕೇಳಬೇಕಾಗ್ತೈತಿ. ರವಿವಾರ ಹೇಳತೇನಿ" ಎಂದರು.

ರವಿವಾರ ಸಂಜೆ ನನಗೆ ಫೋನು ಬಂತು. "ಆಗಲಿ ಅಂತ ಹೇಳ್ರಿ ಆ ಹುಡುಗಿಗೆ. ಎಲ್ಲಾರಿಗೂ ದಾರಿ ಲೆಕ್ಕಾ ಹಿಡಿಯೂಣು. ದೇಣಿಗಿ ಸಾಲದಿದ್ರ ನಾ ನೋಡಕೋತೇನಿ." ನಾನು ತಕ್ಷಣ ಸುಜಾತಾಳಿಗೆ ಫೋನು ಮಾಡಿದೆ. ಹತ್ತಲಿಲ್ಲ. ಮಲಗುವವರೆಗೂ ಮಾಡಿದೆ. ಹತ್ತಲಿಲ್ಲ.

ಹತ್ತಿಮತ್ತೂರು

ಸೋಮವಾರ ಮೊದಲ ಬಸ್ಸಿಗೆ ಹೊರಟೆ. ಝುಟ್ಫೆನ್ನಿಗೆ ಹೋಗುವಾಗಲೂ ನನಗೆ ಅಷ್ಟು ಅವಸರವಿರಲಿಲ್ಲ. ಸವಣೂರಿನಲ್ಲಿ ಬಸ್ಸು ಬದಲಿಸಿ, ಹತ್ತಿಮತ್ತೂರಿನಲ್ಲಿ ಇಳಿದು, ದಾಪುಗಾಲು ಹಾಕಿ ಅವಳ ಮನೆ ಮುಟ್ಟಿದಾಗ ಅತ್ತೆ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು.

"ಸುಜಾತಾ ಎಲ್ಲಿ?"

"ಕೆಲಸಕ್ಕ ಹೋದ್ಲಲ್ರಿ ಅಕ್ಕಾರ, ಆಗಲೇ."

"ಫ್ಯಾಕ್ಟರಿ ಬಸ್ ಹೋತೇನು?"

"ಹೋತ್ರಿ. ಆಗಲೇ ಹೋತು."

ಒಂದು ರಾತ್ರಿ ಫೋನು ಹತ್ತದಿದ್ದುದಕ್ಕೆ ಹೀಗಾಯಿತಲ್ಲ ಎಂದು ಸಂಕಟಪಟ್ಟೆ. ಬಂದವಳು ಗೌಡಶಾನಿಯನ್ನಾದರೂ ನೋಡಿಕೊಂಡು ಹೋಗೋಣವೆಂದು ಗೌಡರ ಓಣಿಗೆ ತಿರುಗಿದೆ.

ಗೌಡರ ಮನೆಯ ಹೊಸ್ತಿಲ ಹೊರಗೆ, ಬೀದಿಗೆ ಕಾಣುವಂತೆ, ಎರಡು ನೀಲಿ ಹವಾಯಿ ಚಪ್ಪಲಿ ಇದ್ದವು.

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಆ ಬೇರೆ ಗ್ಲಾಸು ಬೋರಲು ಇಟ್ಟಿತ್ತು. ಅದು ಹಾಗೇ ಇದೆ. ಒಳಗಿನಿಂದ ಸುಜಾತಾಳ ದನಿ ಕೇಳಿಸುತ್ತಿತ್ತು, ಗೌಡಶಾನಿಗೆ ರೀಟ್ ಅಜ್ಜಿಯ ಕಾಲುಚೀಲದ ಕಥೆ ಹೇಳುತ್ತಿದ್ದಳು. ಮಾತಿಲ್ಲದ ಆ ಹೆಂಗಸು ಗಂಟಲಲ್ಲೇ ನಗುತ್ತಿದ್ದಳು.

ಹೊರಗೆ ಬಂದು ನನ್ನನ್ನು ಕಂಡು ಸುಜಾತಾ ತುಸು ಪೆಚ್ಚಾದಳು.

"ಬಸ್ ಬಂದಿತ್ರಿ ಅಕ್ಕಾರ. ಇಕಿದೊಂದು ಮಗ್ಗಲಾ ಹೊಳ್ಳಿಸಿ ಬರ್ತೇನಿ, ನಿಂದ್ರಪಾ ಅಂದೆ. ನಿಂದ್ರಲಿಲ್ಲ. ನಾಳಿ ಮತ್ತ ಬರ್ತೈತಿ."

"ಅಧ್ಯಕ್ಷರು ಹೂಂ ಅಂದಾರಬೇ."

ಅವಳು ಹೊಸ್ತಿಲು ಇಳಿದು, ಚಪ್ಪಲಿ ಮೆಟ್ಟಿದಳು. ನಂತರ ಕೇಳಿದಳು.

"ಯಾವಾಗಿಂದ್ರಿ?"

"ಇವತ್ತಿನಿಂದ."

ಅವಳು ಹೊಲದ ಮನೆಯ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ, ಬೆವರು ಒರೆಸಿಕೊಳ್ಳುತ್ತ ಕೂತಿದ್ದ ನನ್ನ ಕಡೆ ತಿರುಗಿ ನೋಡಿದಳು.

"ಹಂಗಾರ ನೀವು ಬಸ್‌ಸ್ಟ್ಯಾಂಡಿನಿಂದ ಇಲ್ಲಿತನ ನಡದು ಬಂದದ್ದೂ ಬರಕೋರಿ ಅಕ್ಕಾರ. ಅದೂ ಕೆಲಸನ."